ಹಾಟ್‌ಫಿಕ್ಸ್ ಹೋಯಿತು, ಮೇನ್‌ಗೆ ಬಂತೇ?

2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಐಫೋನ್‌ಗಳಿಗೆ ಕಂಟಕವಾಯಿತು. ಆ ಅಕ್ಷರವಿದ್ದ ಮೆಸೇಜ್ ತೋರಿಸಲು ಹೋದ ಆ್ಯಪ್ ಅಲ್ಲೇ ಮುಚ್ಚಿಕೊಳ್ಳುತ್ತಿತ್ತು. ಅದು ನೋಟಿಫಿಕೇಶನ್ ರೂಪದಲ್ಲಿ ಬಂದರೆ ಇಡೀ ಫೋನೇ ತೊಂದರೆಗೆ ಸಿಲುಕುತ್ತಿತ್ತು. ಐಒಎಸ್ 11.2.5ರಲ್ಲಿದ್ದ ಈ ಬಗ್‌ಗೆ ದುರಸ್ತಿ ಆಗಲೇ ಸಿದ್ಧವಿತ್ತು ಎನ್ನುವುದು ಸ್ವಾರಸ್ಯ. ಪರೀಕ್ಷೆಯಲ್ಲಿದ್ದ 11.3ರ ಬೀಟಾದಲ್ಲಿ ಅದೇ ಅಕ್ಷರ ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ. ಆದರೆ 11.3 ಜನರ ಕೈ ಸೇರಿದ್ದು ಮಾರ್ಚ್ ಕೊನೆಗೆ. ಅಲ್ಲಿಯವರೆಗೆ ಕಾಯುವುದು ಸಾಧ್ಯವಿಲ್ಲವೆಂದು ಆ್ಯಪಲ್ ಹಳೆಯ ಆವೃತ್ತಿಗೇ ದುರಸ್ತಿ ಹಾಕಿ ಫೆಬ್ರುವರಿ 19ರಂದು 11.2.6 ಬಿಡುಗಡೆ ಮಾಡಿತು. ಮರುವರ್ಷ ಅದೇ ಕಂಪನಿಯಲ್ಲಿ ಇದರ ತಿರುಗುಮುರುಗು ನಡೆಯಿತು. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಪತ್ತೆಹಚ್ಚಿದ್ದ ಒಂದು ಭದ್ರತಾ ದೋಷವನ್ನು 2019ರ ಮೇ ತಿಂಗಳ ಐಒಎಸ್ 12.3ರಲ್ಲಿ ಮುಚ್ಚಲಾಗಿತ್ತು. ಜುಲೈನಲ್ಲಿ ಬಂದ 12.4ರಲ್ಲಿ ಆ ದೋಷ ಮತ್ತೆ ತೆರೆದುಕೊಂಡಿತ್ತು. ಆಗಸ್ಟ್‌ನಲ್ಲಿ ಜೈಲ್‌ಬ್ರೇಕ್ ಮಾಡುವವರು ಅದನ್ನೇ ಹಿಡಿದು ಫೋನ್‌ಗಳನ್ನು ಬಿಚ್ಚಿ ತೋರಿಸಿದ ಮೇಲೆ, 26ರಂದು 12.4.1 ಹೊರಬಂತು.

ಎರಡೂ ಸಲ ದುರಸ್ತಿ ಇತ್ತು, ಅದು ಎಲ್ಲಿ ಇರಲಿಲ್ಲ ಎಂಬುದರಲ್ಲಷ್ಟೇ ವ್ಯತ್ಯಾಸ. ಮೊದಲ ಸಲ ಅದು ಮುಂದಿನ ಆವೃತ್ತಿಯಲ್ಲಿತ್ತು, ಜನರ ಕೈಯಲ್ಲಿದ್ದ ಆವೃತ್ತಿಯಲ್ಲಿ ಇರಲಿಲ್ಲ. ಎರಡನೆಯ ಸಲ ಹಳೆಯದರಲ್ಲಿತ್ತು, ಹೊಸದರಲ್ಲಿ ಇರಲಿಲ್ಲ. ಮೊದಲನೆಯ ಕೊರತೆ ಗೊತ್ತಾಗದೆ ಇರುವ ಸಾಧ್ಯತೆಯೇ ಇಲ್ಲ, ಜನ ದಿನವೂ ದೂರುತ್ತಿರುತ್ತಾರೆ. ಎರಡನೆಯದು ಮಾತ್ರ, ಯಾರಾದರೂ ಎಡವುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಗಿಟ್ ಬಳಸುವ ತಂಡಗಳು ತುರ್ತು ದುರಸ್ತಿಯನ್ನು, ಅಂದರೆ ಹಾಟ್‌ಫಿಕ್ಸನ್ನು, ಯಾವ ಬ್ರಾಂಚಿನಲ್ಲಿ ಮಾಡಬೇಕು, ಎಲ್ಲಿಗೆ ಮೊದಲು ಸೇರಿಸಬೇಕು ಎಂಬ ಚರ್ಚೆಯನ್ನು ಅಭಿರುಚಿಯ ವಿಷಯದಂತೆ ನಡೆಸುವುದುಂಟು. ನನ್ನ ವಾದ, ಈ ಅಸಮತೋಲನವೇ ಉತ್ತರವನ್ನು ತೀರ್ಮಾನಿಸಬೇಕು ಎನ್ನುವುದು. ಮನುಷ್ಯರು ಎರಡರಲ್ಲಿ ಒಂದನ್ನು ಮರೆಯುವುದು ಖಚಿತ. ಹಾಗಿದ್ದ ಮೇಲೆ, ಮರೆತದ್ದು ಅದೇ ದಿನ ಗೊತ್ತಾಗುವಂತಹ ಕ್ರಮವನ್ನು ಆರಿಸಿಕೊಳ್ಳಬೇಕು. ಅಂದರೆ ದುರಸ್ತಿ ಮೊದಲು ಮೇನ್ ಬ್ರಾಂಚಿಗೆ ಸೇರಬೇಕು, ಆಮೇಲೆ ಗಿರಾಕಿಯ ಬಳಿ ಇರುವ ಆವೃತ್ತಿಗೆ ಹೋಗಬೇಕು.

ಶಿವಮೊಗ್ಗದ ಸವಳಂಗ ರಸ್ತೆಯ ಕಡೆಯಿಂದ ಇದನ್ನು ನೋಡುವುದಕ್ಕೆ ಒಂದು ಕಾರಣವಿದೆ. ಈ ರಸ್ತೆಯ ನವುಲೆಯಲ್ಲಿ 1980ರಿಂದ ಜೆಎನ್ಎನ್ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಅಲ್ಲಿಯಂತೆ ರಾಜ್ಯದ ಹಲವು ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಗಿಟ್ ಈಗ ಹೊಸತಲ್ಲ. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಲ್ಯಾಬ್ ಇದೆ. ಟ್ಯಾಗ್ ಹಾಕುವುದು, ಒಂದು ಬ್ರಾಂಚಿನ ಕಮಿಟ್‌ಗಳನ್ನು ಇನ್ನೊಂದಕ್ಕೆ ಚೆರ್ರಿ-ಪಿಕ್ ಮಾಡುವುದು, ಮಾಡಿದ ಕಮಿಟ್ಟನ್ನು ರದ್ದುಗೊಳಿಸುವುದು, ಎಲ್ಲವೂ ಅದರ ಪ್ರಯೋಗಗಳ ಪಟ್ಟಿಯಲ್ಲಿವೆ. ಆದೇಶಗಳು ಗೊತ್ತಿವೆ, ಒಂದೊಂದನ್ನೂ ಬಿಡಿಯಾಗಿ ಓಡಿಸಿ ರೆಕಾರ್ಡ್ ಬರೆದೂ ಆಗಿದೆ. ಆದರೆ ಗಿರಾಕಿ ಫೋನಿನಲ್ಲಿ ಕೂಗಾಡುತ್ತಿರುವಾಗ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನು ಯಾವ ಲ್ಯಾಬೂ ಪರೀಕ್ಷಿಸುವುದಿಲ್ಲ. ಓದು ಮುಗಿಸಿ ಊರಲ್ಲೇ ಉಳಿದು ಇಬ್ಬರೋ ಮೂವರೋ ಸೇರಿ ಅಂಗಡಿ, ಆಸ್ಪತ್ರೆ, ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡಲು ಹೊರಡುವವರಿಗೆ ಈ ಲೇಖನ ಹೆಚ್ಚು ಸಲ್ಲುತ್ತದೆ. ದೊಡ್ಡ ಕಂಪನಿಗಳಲ್ಲಿ ರಿಲೀಸ್ ನೋಡಿಕೊಳ್ಳಲು ಬೇರೆಯೇ ಜನ ಇರುತ್ತಾರೆ.

ಅಂಥದೊಂದು ಮೂವರ ತಂಡ ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಶಿವಮೊಗ್ಗ, ಭದ್ರಾವತಿಯ ಕೆಲವು ಮಂಡಿಗಳಲ್ಲಿ ಅದರ 2.4ನೇ ಆವೃತ್ತಿ ಓಡುತ್ತಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ತರಾವಾರಿ ಧಾರಣೆ ಹಾಕಿ, ತೂಕ ಹೊಡೆದರೆ ಪಟ್ಟಿ ಬರುತ್ತದೆ. ತೂಕಕ್ಕೆ ಎರಡು ಖಾನೆ, ಕ್ವಿಂಟಾಲ್ ಒಂದು, ಕೆಜಿ ಇನ್ನೊಂದು. ಪ್ರೋಗ್ರಾಂ ಬರೆದವರು ಎರಡರ ನಡುವೆ ಚುಕ್ಕಿ ಇಟ್ಟು ಅಂಟಿಸಿದ್ದಾರೆ. 3 ಕ್ವಿಂಟಾಲ್ 45 ಕೆಜಿ ಎಂದರೆ 3.45 ಆಗುತ್ತದೆ, ಸರಿಯೇ. ಆದರೆ 3 ಕ್ವಿಂಟಾಲ್ 7 ಕೆಜಿ ಬಂದಾಗ 3.07 ಆಗಬೇಕಾದದ್ದು 3.7 ಆಗುತ್ತದೆ. 63 ಕೆಜಿ ಅಡಿಕೆ ಕಾಗದದ ಮೇಲೆ ಹುಟ್ಟಿಕೊಂಡಿತು. ರಾಶಿಗೆ ಕ್ವಿಂಟಾಲ್‌ಗೆ 50,000 ರೂಪಾಯಿ ಹಿಡಿದರೂ ಒಂದೇ ಪಟ್ಟಿಯಲ್ಲಿ 31,500 ರೂಪಾಯಿ ಹೆಚ್ಚು. ಕೆಜಿ ಹತ್ತಕ್ಕಿಂತ ಕಡಿಮೆ ಇದ್ದಾಗ ಮಾತ್ರ ಹೀಗಾಗುವುದರಿಂದ ಪರೀಕ್ಷಿಸುವಾಗ 45, 60 ಎಂದು ಹಾಕಿ ನೋಡಿದವರಿಗೆ ಬಗ್ ಸಿಕ್ಕಿರುವುದಿಲ್ಲ. ಕೆಜಿಯನ್ನು ನೂರರಿಂದ ಭಾಗಿಸಿ ಕೂಡಿದರೆ ಮುಗಿಯಿತು, ಒಂದು ಸಾಲಿನ ದುರಸ್ತಿ. ತೊಂದರೆ ಬೇರೆ ಕಡೆ ಇದೆ. ಮೇನ್ ಬ್ರಾಂಚಿನಲ್ಲಿ ತಂಡ ಆಗಲೇ 2.5ರ ಕೆಲಸದಲ್ಲಿದೆ, ಸ್ಟಾಕ್ ವರದಿಗಾಗಿ ಡೇಟಾಬೇಸ್ ಅರ್ಧ ಬದಲಾಗಿದೆ. ಅದನ್ನು ಹಾಗೇ ಮಂಡಿಗೆ ಕಳಿಸುವಂತಿಲ್ಲ.

ಇಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ನಿಜಕ್ಕೂ ತುರ್ತೇ ಎಂಬುದು. ಲೆಕ್ಕದಲ್ಲಿ ಹಣ ತಪ್ಪುತ್ತಿದ್ದರೆ, ದಾಖಲೆ ಅಳಿಸಿಹೋಗುತ್ತಿದ್ದರೆ, ಹೊರಗಿನವರು ಒಳನುಗ್ಗುವಂತಿದ್ದರೆ, ಅಥವಾ ಗಿರಾಕಿಯ ಕೆಲಸವೇ ನಿಂತುಹೋಗಿದ್ದರೆ ತುರ್ತು. ವರದಿಯ ತಲೆಬರಹದಲ್ಲಿ ಒತ್ತಕ್ಷರ ತಪ್ಪಿದ್ದರೆ, ಅದು ಮಾಲೀಕರಿಗೆ ಎಷ್ಟೇ ಸಿಟ್ಟು ತರಿಸಿದರೂ, ಮುಂದಿನ ರಿಲೀಸ್‌ವರೆಗೆ ಕಾಯಬಹುದು. ದಿನಾಂಕ ಮೊದಲೇ ಗೊತ್ತಿರುವ ಕೆಲಸವೂ ಹಾಟ್‌ಫಿಕ್ಸ್ ಅಲ್ಲ. ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ 3ರಂದು ದರಗಳನ್ನು ಬದಲಿಸಿ, 12 ಮತ್ತು 28ರ ಹಂತಗಳನ್ನು ಬಹುಪಾಲು ತೆಗೆದು, ಹೊಸ ದರ 22ರಿಂದ ಜಾರಿ ಎಂದಿತು. ಹತ್ತೊಂಬತ್ತು ದಿನ ಸಿಕ್ಕಿತು. ದರಗಳನ್ನು ಪಟ್ಟಿಯಲ್ಲಿ, ಜಾರಿಯ ದಿನಾಂಕದ ಸಮೇತ ಇಟ್ಟಿದ್ದ ಬಿಲ್ಲಿಂಗ್ ಪ್ರೋಗ್ರಾಂಗೆ ಅದು ಕೆಲವು ಸಾಲುಗಳ ಡೇಟಾ ಬದಲಾವಣೆ ಅಷ್ಟೇ. ಪ್ರೋಗ್ರಾಮಿನ ಒಳಗೇ 12 ಎಂದು ಬರೆದಿದ್ದವರಿಗೆ ಮಾತ್ರ ಅದು ರಾತ್ರೋರಾತ್ರಿ ಮಾಡುವ ಹಾಟ್‌ಫಿಕ್ಸ್. ತುರ್ತಿನ ಪಟ್ಟಿ ಸಣ್ಣದಿದ್ದಷ್ಟೂ ಅದರ ಕ್ರಮವನ್ನು ಪಾಲಿಸುವುದು ಸುಲಭ. ಎಲ್ಲವೂ ತುರ್ತಾದ ತಂಡದಲ್ಲಿ ಕ್ರಮ ಎಂಬುದೇ ಉಳಿಯುವುದಿಲ್ಲ.

ತೂಕದ ತಪ್ಪು ತುರ್ತು ಎನ್ನುವುದರಲ್ಲಿ ಸಂಶಯವಿಲ್ಲ. ಹಾಗಾದರೆ ಎರಡು ದಾರಿಗಳು. ಮೊದಲನೆಯದರಲ್ಲಿ ಮಂಡಿಯಲ್ಲಿರುವ 2.4ರ ಮೇಲೆ ನೇರ ದುರಸ್ತಿ ಮಾಡಿ 2.4.1 ಕಳಿಸುತ್ತಾರೆ, ಆಮೇಲೆ ಅದನ್ನು ಮೇನ್‌ಗೂ ಹಾಕುತ್ತೇವೆ ಅಂದುಕೊಳ್ಳುತ್ತಾರೆ. ಮಂಡಿಯವರಿಗೆ ಸಮಾಧಾನವಾಯಿತು, ಫೋನ್ ನಿಂತಿತು, ತಂಡ ಸ್ಟಾಕ್ ವರದಿಗೆ ಮರಳಿತು. ಈ ‘ಆಮೇಲೆ’ಯನ್ನು ನೆನಪಿಸುವ ಒತ್ತಡ ಎಲ್ಲಿಂದಲೂ ಬರುವುದಿಲ್ಲ. ಎರಡು ತಿಂಗಳು ಬಿಟ್ಟು ಮೇನ್‌ನಿಂದ 2.5 ಹೊರಡುತ್ತದೆ, ಅದರ ಜತೆ ಹಳೆಯ ಚುಕ್ಕಿಯೂ ಮಂಡಿಗೆ ವಾಪಸ್ ಹೋಗುತ್ತದೆ. ಈ ಸಲ ನಷ್ಟ ಹೆಚ್ಚು. ಸರಿಯಾಗಿದೆ ಎಂದು ತಂಡವೇ ಬಾಯಿಬಿಟ್ಟು ಹೇಳಿದ್ದರಿಂದ ಮಂಡಿಯವರು ಕೈಲೆಕ್ಕದಲ್ಲಿ ತಾಳೆ ನೋಡುವುದನ್ನು ಬಿಟ್ಟಿರುತ್ತಾರೆ. ಎರಡನೆಯ ದಾರಿಯಲ್ಲಿ ದುರಸ್ತಿ ಮೊದಲು ಮೇನ್‌ಗೆ ಸೇರುತ್ತದೆ. ಅದನ್ನು 2.4ಕ್ಕೆ ಒಯ್ಯುವುದನ್ನು ತಂಡ ಮರೆತರೆ? ಮರೆಯಲು ಮಂಡಿಯವರು ಬಿಡುವುದಿಲ್ಲ, ಸಂಜೆಯೊಳಗೆ ಇನ್ನೊಂದು ಫೋನ್ ಬರುತ್ತದೆ. ನೆನಪಿಸುವ ಹೊಣೆ ತಾನಾಗಿಯೇ, ನೆನಪಿಸಲು ಎಲ್ಲರಿಗಿಂತ ಹೆಚ್ಚು ಕಾರಣವಿರುವವರ ಮೇಲೆ ಬೀಳುತ್ತದೆ.

ಲಿನಕ್ಸ್ ಕರ್ನಲ್‌ನವರು ಇದನ್ನೇ ಬರೆದಿಟ್ಟ ನಿಯಮವಾಗಿ ಪಾಲಿಸುತ್ತಾರೆ. 2005ರಲ್ಲಿ ಶುರುವಾದ ಅವರ ‘ಸ್ಟೇಬಲ್’ ಸರಣಿಗೆ ಯಾವುದೇ ದುರಸ್ತಿ ಸೇರಬೇಕಾದರೆ ಆ ದುರಸ್ತಿಯೋ ಅದಕ್ಕೆ ಸಮನಾದದ್ದೋ ಮೊದಲು ಲಿನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಕವಲಿನಲ್ಲಿ ಇರಲೇಬೇಕು. ಸುತ್ತಲಿನ ಸಾಲುಗಳನ್ನೂ ಸೇರಿಸಿ ನೂರು ಸಾಲು ಮೀರಬಾರದು. ಬರೀ ಕಾಗುಣಿತ, ಖಾಲಿ ಜಾಗ ಸರಿಪಡಿಸುವ ಬದಲಾವಣೆಗಳಿಗೆ ಅಲ್ಲಿ ಪ್ರವೇಶವಿಲ್ಲ. ಕೋಟ್ಯಂತರ ಯಂತ್ರಗಳಲ್ಲಿ ಓಡುವ, ಒಂದೇ ಕಾಲಕ್ಕೆ ಹಲವು ಹಳೆಯ ಆವೃತ್ತಿಗಳನ್ನು ಸಾಕುವ ಯೋಜನೆ ಇಷ್ಟು ಬಿಗಿಯಾಗಿರಲು ಕಾರಣ ಶಿಸ್ತಿನ ಮೋಹವಲ್ಲ. ಹಳೆಯದರಿಂದ ಹೊಸದಕ್ಕೆ ಹೋದವರಿಗೆ ಮುಗಿದುಹೋದ ಬಗ್ ಮತ್ತೆ ಎದುರಾಗಬಾರದು ಎಂಬ ಒಂದೇ ಭರವಸೆಯನ್ನು ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಪುಸ್ತಕಗಳಲ್ಲೂ ಇಂಟರ್ವ್ಯೂಗಳಲ್ಲೂ ಕೇಳಿಬರುವ ಗಿಟ್-ಫ್ಲೋ ಬೇರೆಯೇ ಹೇಳುತ್ತದಲ್ಲ ಎಂಬುದು. ವಿನ್ಸೆಂಟ್ ಡ್ರೀಸೆನ್ 2010ರ ಜನವರಿಯಲ್ಲಿ ಮುಂದಿಟ್ಟ ಆ ಮಾದರಿಯಲ್ಲಿ ಎರಡು ಶಾಶ್ವತ ಬ್ರಾಂಚುಗಳು. ಗಿರಾಕಿಯ ಬಳಿ ಇರುವುದು ಮಾಸ್ಟರ್, ಕೆಲಸ ನಡೆಯುವುದು ಡೆವಲಪ್. ಹಾಟ್‌ಫಿಕ್ಸ್ ಮಾಸ್ಟರ್‌ನಿಂದ ಕವಲೊಡೆದು, ಮಾಸ್ಟರ್‌ಗೆ ಮರ್ಜ್ ಆಗಿ, ಟ್ಯಾಗ್ ಪಡೆದು, ನಂತರ ಡೆವಲಪ್‌ಗೂ ಮರ್ಜ್ ಆಗಬೇಕು. ಆ ಹೊತ್ತಿಗೆ ಮುಂದಿನ ರಿಲೀಸ್‌ಗೆಂದು ಬ್ರಾಂಚ್ ತೆರೆದಿದ್ದರೆ ಡೆವಲಪ್ ಬದಲು ಅದಕ್ಕೆ ಮರ್ಜ್ ಮಾಡಬೇಕು. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ, ಎರಡೂ ಕಡೆ ಮರ್ಜ್ ಕಡ್ಡಾಯ ಎಂದೇ ಅದು ಹೇಳುತ್ತದೆ. ಆದರೆ ಗಿರಾಕಿಗೆ ಬೇಕಾದ ಮರ್ಜ್ ಮೊದಲು, ತಂಡಕ್ಕೆ ಮಾತ್ರ ಬೇಕಾದದ್ದು ಕೊನೆಗೆ, ಅದರಲ್ಲೂ ‘ರಿಲೀಸ್ ಬ್ರಾಂಚ್ ಇದ್ದರೆ’ ಎಂಬ ವಿನಾಯಿತಿ ಸೇರಿದೆ. ದಣಿದ ಮನುಷ್ಯ ರಾತ್ರಿ ಹನ್ನೊಂದಕ್ಕೆ ಬಿಟ್ಟುಬಿಡುವ ಹೆಜ್ಜೆ ಯಾವುದೆಂದು ಊಹಿಸಲು ಕಷ್ಟವಿಲ್ಲ. ಡ್ರೀಸೆನ್ ಅವರೇ 2020ರ ಮಾರ್ಚ್‌ನಲ್ಲಿ ತಮ್ಮ ಬರಹಕ್ಕೆ ಟಿಪ್ಪಣಿ ಸೇರಿಸಿ, ಆಗಾಗ ಬಿಡುಗಡೆಯಾಗುವ ವೆಬ್ ಆ್ಯಪ್‌ಗಳಿಗೆ ಇನ್ನೂ ಸರಳ ಕ್ರಮ ಸಾಕು, ಹಲವು ಆವೃತ್ತಿಗಳನ್ನು ಸಾಕಬೇಕಾದ ಸಾಫ್ಟ್‌ವೇರ್‌ಗೆ ತಮ್ಮ ಮಾದರಿ ಈಗಲೂ ಒಗ್ಗಬಹುದು ಎಂದರು. ಎಲ್ಲರೂ ಒಂದೇ ಸರ್ವರ್ ಬಳಸುವ ವೆಬ್ ಆ್ಯಪ್ ನಿಮ್ಮದಾಗಿದ್ದು, ಮೇನ್ ಸದಾ ಬಿಡುಗಡೆಗೆ ಸಿದ್ಧವಿದ್ದರೆ ಹಾಟ್‌ಫಿಕ್ಸ್ ಇನ್ನೊಂದು ಕಮಿಟ್ ಅಷ್ಟೇ, ಈ ಇಡೀ ಚರ್ಚೆಯ ಅಗತ್ಯವೇ ಬೀಳುವುದಿಲ್ಲ. ಒಂದೊಂದು ಮಂಡಿಯ ಕಂಪ್ಯೂಟರ್‌ನಲ್ಲೂ ಒಂದೊಂದು ಪ್ರತಿ ಕೂತಿರುವವರಿಗೆ ಆ ಸುಖವಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗಿಟ್ ತಯಾರಿಸುವವರಿಂದಲೇ ಬರುತ್ತದೆ. ಗಿಟ್‌ನ ಜತೆಗೇ ಬರುವ ಕೈಪಿಡಿಯಲ್ಲಿ, ದುರಸ್ತಿಯನ್ನು ಅದು ಬೇಕಾದ ಆವೃತ್ತಿಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಹಾಕಿ, ಅಲ್ಲಿಂದ ಮೇಲ್ಮುಖವಾಗಿ ಹೊಸದಕ್ಕೆ ಮರ್ಜ್ ಮಾಡುತ್ತ ಹೋಗಿ ಎಂಬ ಸಲಹೆ ಇದೆ. ಇದು ಮೇನ್ ಮೊದಲು ಎನ್ನುವುದರ ನೇರ ವಿರುದ್ಧ. ಇದರ ಹಿಂದಿನ ತರ್ಕವೂ ಚೆನ್ನಾಗಿದೆ. ಚೆರ್ರಿ-ಪಿಕ್ ಮಾಡಿದರೆ ಅದೇ ಬದಲಾವಣೆ ಬೇರೆ ಗುರುತಿನ ಹೊಸ ಕಮಿಟ್ ಆಗಿ ಹುಟ್ಟುತ್ತದೆ, ಎರಡೂ ಒಂದೇ ಎಂದು ಗಿಟ್‌ನ ಚರಿತ್ರೆಗೆ ಗೊತ್ತಿರುವುದಿಲ್ಲ. ಮರ್ಜ್ ಮಾಡಿದರೆ ಒಂದೇ ಕಮಿಟ್ ಎರಡೂ ಬ್ರಾಂಚಿನಲ್ಲಿರುತ್ತದೆ, ಇದೆಯೋ ಇಲ್ಲವೋ ಎಂದು ಒಂದು ಆದೇಶದಲ್ಲಿ ಕೇಳಬಹುದು. ಇದನ್ನು ಒಪ್ಪಲೇಬೇಕು. ಆದರೆ ಗಿಟ್ ಯೋಜನೆ ದಿನನಿತ್ಯ ನಡೆಯುವ ಬಗೆ ನೋಡಿದರೆ ಚಿತ್ರ ಬದಲಾಗುತ್ತದೆ. 2005ರ ಜುಲೈನಿಂದ ಅದರ ಹೊಣೆ ಹೊತ್ತಿರುವ ಜುನಿಯೊ ಹಮಾನೊ ದುರಸ್ತಿಯ ಬ್ರಾಂಚನ್ನು ಹಳೆಯ ಬಿಂದುವಿನಿಂದ ಕವಲೊಡೆಸುತ್ತಾರೆ, ಮೊದಲು ಮುಖ್ಯ ಬ್ರಾಂಚಿಗೆ ಸೇರಿಸಿ ಕೆಲಕಾಲ ಅಲ್ಲಿ ಹದಗೊಳ್ಳಲು ಬಿಡುತ್ತಾರೆ. ಅಲ್ಲಿನ ಬಿಡುಗಡೆ ಟಿಪ್ಪಣಿಗಳಲ್ಲಿ ಎಷ್ಟೋ ದುರಸ್ತಿಗಳ ಮುಂದೆ ‘ನಂತರ ಮೇಂಟ್‌ಗೆ ಮರ್ಜ್ ಮಾಡಿ’ ಎಂಬ ಸೂಚನೆ ಕಾಣುತ್ತದೆ. ಮೇಂಟ್ ಎಂದರೆ ಹಳೆಯ ಆವೃತ್ತಿಯ ಬ್ರಾಂಚ್. ಹುಟ್ಟಿದ ಜಾಗ ಹಳೆಯದು, ಸೇರುವ ಕ್ರಮದಲ್ಲಿ ಮೇನ್ ಮೊದಲು. ಎರಡೂ ಕಡೆಯ ಅನುಕೂಲ ಇದರಲ್ಲಿ ಸಿಗುತ್ತದೆ. ನಮ್ಮ ಮೂವರ ತಂಡಕ್ಕೂ ನಾನು ಇದನ್ನೇ ಹೇಳುತ್ತೇನೆ.

ಮಾಡುವ ಬಗೆ ಹೀಗೆ. ಮಂಡಿಗೆ ಕಳಿಸಿದ 2.4.0ಕ್ಕೆ ಟ್ಯಾಗ್ ಇರಬೇಕು. ಇಲ್ಲದಿದ್ದರೆ ‘ಆ ಶುಕ್ರವಾರ ಕಳಿಸಿದ್ದು ಯಾವ ಕಮಿಟ್’ ಎಂದು ಹುಡುಕುವುದರಲ್ಲೇ ಹೊತ್ತು ಮುಳುಗುತ್ತದೆ. ಲ್ಯಾಬ್‌ನಲ್ಲಿ ಕಲಿತ ಲೈಟ್‌ವೇಟ್ ಟ್ಯಾಗ್ ಬರೀ ಹೆಸರು. ರಿಲೀಸ್‌ಗೆ ಹಾಕಬೇಕಾದದ್ದು ಆ್ಯನೊಟೇಟೆಡ್ ಟ್ಯಾಗ್, ಯಾರು ಯಾವಾಗ ಏಕೆ ಹಾಕಿದರು ಎಂಬುದು ಅದರಲ್ಲಿ ಉಳಿಯುತ್ತದೆ. ಆ ಟ್ಯಾಗ್‌ನಿಂದ ‘ಹಾಟ್‌ಫಿಕ್ಸ್-ತೂಕ’ ಎಂದೋ ಏನೋ ಒಂದು ಬ್ರಾಂಚ್ ತೆರೆಯಿರಿ. ದುರಸ್ತಿಗೂ ಮೊದಲು ಟೆಸ್ಟ್ ಬರೆಯಿರಿ: 3 ಕ್ವಿಂಟಾಲ್ 7 ಕೆಜಿ ಕೊಟ್ಟರೆ 3.07 ಬರಬೇಕು. ಅದು ಫೇಲ್ ಆಗುವುದನ್ನು ಕಣ್ಣಾರೆ ಕಂಡು, ಆಮೇಲೆ ಆ ಒಂದು ಸಾಲು ಸರಿಪಡಿಸಿ, ಪಾಸ್ ಆಯಿತೆಂದು ನೋಡಿ ಕಮಿಟ್ ಮಾಡಿ. ಪಕ್ಕದ ಫಂಕ್ಷನ್‌ನ ಹೆಸರು ಚೆನ್ನಾಗಿಲ್ಲ ಅನ್ನಿಸಿದರೆ ಹಾಗೇ ಇರಲಿ, ಇವತ್ತಿನ ಕೆಲಸ ಅದಲ್ಲ. ಇನ್ನೊಬ್ಬರು ಒಮ್ಮೆ ಓದಲಿ. ಈಗ ಬ್ರಾಂಚನ್ನು ಮೇನ್‌ಗೆ ಮರ್ಜ್ ಮಾಡಿ. ಆವೃತ್ತಿ ಸಂಖ್ಯೆ ಇರುವ ಫೈಲಿನಲ್ಲಿ ಕಾನ್‌ಫ್ಲಿಕ್ಟ್ ಬರಬಹುದು, ಮೇನ್‌ನದ್ದನ್ನೇ ಉಳಿಸಿಕೊಳ್ಳಿ. ಬೇರೆ ಕಡೆ ನಿಮಗೆ ಎಷ್ಟೇ ಇಷ್ಟವಿದ್ದರೂ ಇಲ್ಲಿ ಮಾತ್ರ ಸ್ಕ್ವಾಶ್ ಬೇಡ. ಸ್ಕ್ವಾಶ್ ಮಾಡಿದರೆ ಮೇನ್‌ಗೆ ಸೇರುವುದು ಬೇರೆಯೇ ಕಮಿಟ್, ಮುಂದೆ ಹೇಳುವ ತಪಾಸಣೆ ಕೆಟ್ಟುಹೋಗುತ್ತದೆ. ಇದೆಲ್ಲ ಆದ ಮೇಲೆ 2.4ರ ಬ್ರಾಂಚಿಗೆ ಮರ್ಜ್, ಸಂಖ್ಯೆ ಬದಲಿಸುವ ಕಮಿಟ್, 2.4.1ರ ಟ್ಯಾಗ್, ಮಂಡಿಗೆ ರವಾನೆ.

ಅಂಗಡಿಯವರು ಪಟ್ಟಿ ಕೊಡಲಾಗದೆ ಕೂತಿರುವಾಗ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮರ್ಜ್‌ಗೆ ಹೊತ್ತು ಹಿಡಿಯುವುದಿಲ್ಲ, ಹೊತ್ತು ತಿನ್ನುವುದು ಮೇನ್ ಆಗಲೇ ಕೆಟ್ಟು ನಿಂತಿದ್ದಾಗ. ಅರ್ಧ ಬದಲಾದ ಡೇಟಾಬೇಸ್‌ನಿಂದಾಗಿ ಅಲ್ಲಿ ಟೆಸ್ಟ್‌ಗಳೇ ಓಡದಿದ್ದರೆ, ದುರಸ್ತಿ ಸರಿಯಿದೆಯೇ ಎಂದು ಹೇಳುವುದಾದರೂ ಹೇಗೆ? ಅಂಥ ದಿನ ಮೇನ್ ಪೂರ್ತಿ ಸರಿಹೋಗಲಿ ಎಂದು ಗಿರಾಕಿಯನ್ನು ಕಾಯಿಸುವುದು ಮೂರ್ಖತನ. ಆದರೆ ಒಂದನ್ನು ಬಿಡಬೇಡಿ. 2.4.1ಕ್ಕೆ ಟ್ಯಾಗ್ ಹಾಕುವ ಮೊದಲು ಮೇನ್‌ಗೆ ಪುಲ್ ರಿಕ್ವೆಸ್ಟ್ ತೆರೆದಿರಬೇಕು, ಅದಕ್ಕೊಬ್ಬರ ಹೆಸರು ಹಚ್ಚಿರಬೇಕು. ಮರ್ಜ್ ನಾಳೆ ಆದರೂ ಆಗಲಿ, ಆಗಿಲ್ಲ ಎಂಬುದು ಎಲ್ಲರಿಗೂ ಕಾಣುವಂತಿರಲಿ. ತಲೆಯಲ್ಲಿಟ್ಟುಕೊಂಡ ಬಾಕಿಗೂ ಪರದೆಯ ಮೇಲೆ ತೆರೆದೇ ಇರುವ ಬಾಕಿಗೂ ವ್ಯತ್ಯಾಸವಿದೆ.

ಮೇನ್‌ನಲ್ಲಿ ಆ ಭಾಗವನ್ನೇ ಬೇರೆ ರೀತಿ ಬರೆದಾಗಿದೆ, ಅಲ್ಲಿ ಈ ದುರಸ್ತಿ ಹೊಂದುವುದೇ ಇಲ್ಲ ಎಂಬುದು ಇನ್ನೊಂದು ವಾದ. ತೂಕವನ್ನೆಲ್ಲ ಈಗ ಗ್ರಾಂನಲ್ಲಿ ಇಡುತ್ತಿದ್ದೇವೆ, ಚುಕ್ಕಿಯ ಪ್ರಶ್ನೆಯೇ ಇಲ್ಲ ಎನ್ನಬಹುದು. ಇರಬಹುದು. ಹಾಗಿದ್ದರೆ ಸೇರಬೇಕಾದದ್ದು ಟೆಸ್ಟ್. ದುರಸ್ತಿಯ ಸಾಲು ಮೇನ್‌ಗೆ ಬೇಕಾಗದಿರಬಹುದು, 3 ಕ್ವಿಂಟಾಲ್ 7 ಕೆಜಿಗೆ ಸರಿಯಾದ ಮೊತ್ತ ಬರಬೇಕೆಂಬ ಬೇಡಿಕೆ ಮಾತ್ರ ಯಾವ ಆವೃತ್ತಿಯಲ್ಲೂ ಬದಲಾಗುವುದಿಲ್ಲ. ‘ಹೊಸ ಕೋಡ್‌ನಲ್ಲಿ ಆ ಬಗ್ ಇಲ್ಲ’ ಎನ್ನುವುದು ನಂಬಿಕೆ, ಟೆಸ್ಟ್ ಪಾಸ್ ಆದರೆ ಅದು ಪುರಾವೆ. ಮುಗಿದ ಬಗ್‌ಗಳು ಹೊಸ ಆವೃತ್ತಿಯಲ್ಲಿ ಮತ್ತೆ ತಲೆಯೆತ್ತುವಾಗ ಸಾಮಾನ್ಯವಾಗಿ ಅವುಗಳ ಹಿಂದೆ ಇಂಥದೊಂದು ನಂಬಿಕೆ ಇರುತ್ತದೆ.

ದುರಸ್ತಿಯ ಗೊಡವೆಯೇ ಬೇಡ, ಹಿಂದಿನ 2.3ಕ್ಕೆ ಮರಳಿದರಾಯಿತು ಎನ್ನುವವರಿಗೂ ಉತ್ತರ ಕೊಡಬೇಕು. ಬಗ್ 2.4ರಲ್ಲೇ ಹೊಸದಾಗಿ ಹುಟ್ಟಿದ್ದು, ಡೇಟಾಬೇಸ್ ಬದಲಾಗಿಲ್ಲದಿದ್ದರೆ ಅದೇ ಉತ್ತಮ. ಮೊದಲು ಗಿರಾಕಿಯನ್ನು ಹಿಂದಕ್ಕೆ ಕರೆದೊಯ್ದು, ದುರಸ್ತಿಯನ್ನು ಸಾವಕಾಶವಾಗಿ ಮಾಡಬಹುದು. ಆದರೆ ಹಿಂದೆ ಹೋಗುವುದು ಯಾವಾಗಲೂ ಸುರಕ್ಷಿತ ಎಂದು ತಿಳಿಯಬಾರದು. ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಹೊಸ ಕೋಡ್ ಹಾಕಿ ಒಂದನ್ನು ಬಿಟ್ಟಿದ್ದರು, ಆ ಒಂದರಲ್ಲಿ ಬಹಳ ಹಿಂದೆಯೇ ಬಳಕೆ ಬಿಟ್ಟಿದ್ದ ಕೋಡ್ ಎಚ್ಚರಗೊಂಡು ಆರ್ಡರ್‌ಗಳನ್ನು ಸುರಿಯತೊಡಗಿತು. ಗಾಬರಿಯಲ್ಲಿ ಏಳು ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು. ಒಂದು ಕಡೆ ಇದ್ದ ತೊಂದರೆ ಎಂಟೂ ಕಡೆ ಹಬ್ಬಿತು. ಎಲ್ಲಿ ಯಾವ ಆವೃತ್ತಿ ಇದೆ ಎಂದು ತಿಳಿಯದೆ ಹಿಂದೆ ಹೋಗುವುದೂ ಮುಂದೆ ಹೋದಷ್ಟೇ ಅಪಾಯ. ಯಾವ ಮಂಡಿಯಲ್ಲಿ ಯಾವ ಟ್ಯಾಗ್ ಓಡುತ್ತಿದೆ ಎಂಬ ಒಂದು ಪಟ್ಟಿ, ಎಕ್ಸೆಲ್ ಹಾಳೆಯಾದರೂ ಸರಿ, ಇರಲೇಬೇಕು.

ಅವಸರದಲ್ಲಿ ಮಾಡಿದ ದುರಸ್ತಿ ಒಂದೇ ಸಲಕ್ಕೆ ಪೂರ್ತಿಯಾಗುತ್ತದೆಂಬ ಭರವಸೆಯೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ದೋಷ ಜಗತ್ತಿನಾದ್ಯಂತ ಸರ್ವರ್‌ಗಳನ್ನು ಅಪಾಯಕ್ಕೊಡ್ಡಿದಾಗ 2.15.0 ಬಂತು. ಅದು ಸಾಲದೆ ಕೆಲವೇ ದಿನಗಳಲ್ಲಿ 2.16.0, ಮತ್ತೆ 2.17.0, ತಿಂಗಳು ಮುಗಿಯುವುದರೊಳಗೆ 2.17.1. ಅದನ್ನು ನಡೆಸುವ ಸ್ವಯಂಸೇವಕರನ್ನು ದೂರುವುದಕ್ಕೆ ಈ ಮಾತಲ್ಲ. ಎರಡನೆಯ, ಮೂರನೆಯ ಹಾಟ್‌ಫಿಕ್ಸ್ ಬರುವುದು ಸಹಜ ಎಂದೇ ಕ್ರಮವನ್ನು ರೂಪಿಸಿಕೊಳ್ಳಬೇಕು. 2.4.1ರ ನಂತರ 2.4.2 ಕಳಿಸಬೇಕಾದರೆ ಅದೇ ಹೆಜ್ಜೆಗಳು ಅದೇ ಕ್ರಮದಲ್ಲಿ ಮತ್ತೆ ನಡೆಯಬೇಕು. ‘ಈಗಷ್ಟೇ ಮಾಡಿದೆವಲ್ಲ’ ಎಂದು ಟೆಸ್ಟ್ ಬಿಡುವುದು, ಮೇನ್ ಬಿಡುವುದು ಶುರುವಾಗುವುದೇ ಈ ಎರಡನೆಯ ಸುತ್ತಿನಲ್ಲಿ. ತಲುಪಿಸುವಾಗಲೂ ಎಲ್ಲ ಮಂಡಿಗೂ ಒಟ್ಟಿಗೆ ಕಳಿಸಬೇಡಿ. ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ 2024ರ ಜುಲೈ 19ರಂದು ಒಂದು ತಪ್ಪು ಅಪ್‌ಡೇಟನ್ನು ಹಂತಹಂತವಾಗಿ ಬಿಡದೆ ಒಮ್ಮೆಗೇ ಬಿಟ್ಟಿದ್ದರಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು, ನಮ್ಮ ದೇಶದಲ್ಲೂ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ತಪ್ಪನ್ನು ಅವರು ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡಿದ್ದರು. ಆದರೆ ಬೂಟೇ ಆಗದ ಯಂತ್ರ ಆ ತಿದ್ದುಪಡಿಯನ್ನು ಪಡೆಯುವುದು ಹೇಗೆ? ಒಂದು ಮಂಡಿಗೆ ಹಾಕಿ, ಹತ್ತಕ್ಕಿಂತ ಕಡಿಮೆ ಕೆಜಿಯ ಒಂದು ಪಟ್ಟಿ ತೆಗೆಸಿ ನೋಡಿ, ಆಮೇಲೆ ಉಳಿದವರಿಗೆ ಕಳಿಸಿದರೆ ಹೆಚ್ಚೆಂದರೆ ಅರ್ಧ ದಿನ ತಡವಾಗುತ್ತದೆ. ಈಗಾಗಲೇ ತಪ್ಪಾಗಿ ಹೋದ ಪಟ್ಟಿಗಳನ್ನು ಹುಡುಕಿ ಸರಿಪಡಿಸುವುದು ಬೇರೆ ಕೆಲಸ, ಅದಕ್ಕೆ ಬೇರೆ ಸ್ಕ್ರಿಪ್ಟ್ ಬರೆಯಿರಿ. ಅದನ್ನೂ ಹಾಟ್‌ಫಿಕ್ಸ್‌ನೊಳಗೆ ತುರುಕಿದರೆ ಒಂದು ಸಾಲಿನ ದುರಸ್ತಿ ಇನ್ನೂರು ಸಾಲಾಗುತ್ತದೆ, ಓದಿ ನೋಡುವವರೂ ಕೈಚೆಲ್ಲುತ್ತಾರೆ.

ಇನ್ನು ತಪಾಸಣೆ. ‘ಗಿಟ್ ಲಾಗ್’ ಆದೇಶಕ್ಕೆ ಮೇನ್, ಎರಡು ಚುಕ್ಕಿ, ವಿ2.4.1 ಎಂದು ಒಂದೇ ಪದವಾಗಿ ಕೊಟ್ಟರೆ 2.4.1ರಲ್ಲಿದ್ದೂ ಮೇನ್‌ನಲ್ಲಿಲ್ಲದ ಕಮಿಟ್‌ಗಳು ಸಾಲಾಗಿ ಬರುತ್ತವೆ. ಅಲ್ಲಿ ಕಾಣಬೇಕಾದದ್ದು ಆವೃತ್ತಿ ಸಂಖ್ಯೆ ಬದಲಿಸಿದ ಕಮಿಟ್ಟೂ, ಇದ್ದರೆ ಮರ್ಜ್ ಕಮಿಟ್ಟೂ ಮಾತ್ರ. ‘ತೂಕದ ಲೆಕ್ಕ ಸರಿಪಡಿಸಿದ್ದು’ ಎಂಬ ಸಾಲು ಅಲ್ಲಿ ಕಂಡರೆ ಬಗ್ ಮುಂದಿನ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡು ಕೂತಿದೆ ಎಂದರ್ಥ. ಮರ್ಜ್ ಬದಲು ಚೆರ್ರಿ-ಪಿಕ್ ಮಾಡುವ ತಂಡಗಳು ‘ಎಕ್ಸ್’ ಆಯ್ಕೆ ಸೇರಿಸಿ ಮಾಡಿದರೆ ಮೂಲ ಕಮಿಟ್‌ನ ಗುರುತು ಸಂದೇಶದಲ್ಲಿ ಉಳಿಯುತ್ತದೆ. ‘ಗಿಟ್ ಚೆರ್ರಿ’ ಎಂಬ ಬೇರೊಂದು ಆದೇಶ ಬದಲಾವಣೆಯ ಸಾಲುಗಳನ್ನೇ ಹೋಲಿಸಿ ಯಾವುದು ಬಾಕಿ ಎಂದು ಹೇಳುತ್ತದೆ. ಕಾನ್‌ಫ್ಲಿಕ್ಟ್ ಬಿಡಿಸುವಾಗ ಸಾಲುಗಳು ಬದಲಾಗಿದ್ದರೆ ಮಾತ್ರ ಅದು ಎರಡನ್ನೂ ಬೇರೆ ಎಂದೇ ತಿಳಿಯುತ್ತದೆ. ಬ್ರಾಂಚ್ ಅಳಿಸುವಾಗ ಗಿಟ್ ತಡೆಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹಾಟ್‌ಫಿಕ್ಸ್ ಬ್ರಾಂಚನ್ನು ಸರ್ವರ್‌ಗೆ ಪುಶ್ ಮಾಡಿ ಅಲ್ಲಿನ ಪ್ರತಿಗೆ ಜೋಡಿಸಿದ್ದರೆ, ಸಣ್ಣ ‘ಡಿ’ ಹಾಕಿ ಅಳಿಸಹೊರಟಾಗ ಗಿಟ್ ಅದನ್ನು ಸರ್ವರ್‌ನಲ್ಲಿರುವ ಅದರದೇ ಪ್ರತಿಯ ಜತೆ ಹೋಲಿಸಿ, ಮೇನ್‌ಗೆ ಸೇರಿಲ್ಲದಿದ್ದರೂ ಒಂದು ಎಚ್ಚರಿಕೆ ಕೊಟ್ಟು ಅಳಿಸಿಬಿಡುತ್ತದೆ. ಆದ್ದರಿಂದ ಲಾಗ್‌ನ ತಪಾಸಣೆಯನ್ನು 2.5ರ ಟ್ಯಾಗ್ ಹಾಕುವ ಸ್ಕ್ರಿಪ್ಟಿನಲ್ಲೇ ಮೊದಲ ಸಾಲಾಗಿ ಬರೆದಿಡಿ, ಬಾಕಿ ಇದ್ದರೆ ಟ್ಯಾಗ್ ಬೀಳಬಾರದು.

ಎಷ್ಟು ಹಳೆಯ ಆವೃತ್ತಿಗಳನ್ನು ಸಾಕಬೇಕು ಎಂಬುದನ್ನು ತಂಡಗಳು ತುರ್ತು ಬಂದ ದಿನವೇ ಯೋಚಿಸುತ್ತವೆ, ಅದು ತಡವಾಯಿತು. ಲಾಗ್4ಜೆಯವರು ಹಳೆಯ ಜಾವಾ ಬಿಡಲಾಗದವರಿಗಾಗಿ 2.12.2, 2.3.1 ಎಂದು ಹಿಂದಿನ ಸಾಲುಗಳಿಗೂ ದುರಸ್ತಿ ಕೊಡಬೇಕಾಯಿತು. ಮೂವರ ತಂಡಕ್ಕೆ ಎರಡು ಆವೃತ್ತಿ ಧಾರಾಳ: ಈಗಿನದು, ಅದರ ಹಿಂದಿನದು. 2.2ರಲ್ಲೇ ಉಳಿದಿರುವ ಮಂಡಿಗೆ ಹಾಟ್‌ಫಿಕ್ಸ್ ಸಿಗುವುದಿಲ್ಲ, 2.4ಕ್ಕೆ ಬರಬೇಕು ಎಂಬುದು ವಾರ್ಷಿಕ ನಿರ್ವಹಣೆಯ ಕರಾರಿನಲ್ಲೇ ಇರಲಿ. ಅಡಿಕೆ ಕೊಯ್ಲು ಶುರುವಾಗುವ ಮುನ್ನ, ಮಂಡಿಯವರಿಗೆ ಪುರುಸೊತ್ತಿರುವ ಮಳೆಗಾಲದಲ್ಲೇ ಹಳಬರನ್ನೆಲ್ಲ ಹೊಸ ಆವೃತ್ತಿಗೆ ಏರಿಸಿಬಿಡುವುದು ಒಳ್ಳೆಯದು.